ಕಿವಿಗೆ ಒಂದು ದಾರಿ, ಕಣ್ಣಿಗೆ ಇನ್ನೊಂದು

ಓದುಗರ ಪತ್ರ: ನನಗೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬರುತ್ತವೆ. ಹಿಂದಿಯನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ಮಾತು ಥಟ್ಟನೆ ಅರ್ಥವಾಗುತ್ತದೆ. ಆದರೆ ಓದಲು ಹೋದರೆ ಅಕ್ಷರ ಅಕ್ಷರಕ್ಕೂ ತಡವರಿಸುತ್ತೇನೆ. ಇಂಗ್ಲಿಷ್ ಓದುವಾಗ ನಡುವೆ ಕನ್ನಡ ಪದ ನುಗ್ಗುತ್ತದೆ. ಮಾತಾಡುವಾಗ ಬೇಕಾದ ಪದ ಸಿಗದೆ ಬೇರೆ ಭಾಷೆಯದ್ದು ಬಾಯಿಗೆ ಬರುತ್ತದೆ. ನನ್ನ ತಲೆಯೊಳಗೆ ಎಲ್ಲ ಕಲಸಿಹೋಗಿದೆಯಾ?

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ, ಏನೂ ಕಲಸಿಹೋಗಿಲ್ಲ. ನೀವು ಬರೆದ ಮೂರೂ ಸಂಗತಿಗಳು ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲ ಯಾರಿಗಾದರೂ ಆಗುವಂಥವೇ. ನೀವು ಇದನ್ನು ಒಂದು ಕೊರತೆ ಅಂತ ಇಷ್ಟು ದಿನ ಮನಸ್ಸಲ್ಲಿ ಇಟ್ಟುಕೊಂಡಿದ್ದೀರಲ್ಲ, ಅದೇ ನನಗೆ ಬೇಸರ ತಂದಿದ್ದು. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕೇಳುವುದು, ಓದುವುದು ಎರಡೂ ಕೊನೆಗೆ ಒಂದೇ ಅರ್ಥಕ್ಕೆ ಬಂದು ಸೇರುತ್ತವೆ. ಆದರೆ ಹೊರಡುವ ಜಾಗ ಬೇರೆ. ಕೇಳಿದ ಮಾತಿನ ಕೆಲಸ ಶುರುವಾಗುವುದು ಕಿವಿಗಳ ಹತ್ತಿರದ ಮಿದುಳಿನ ಭಾಗದಲ್ಲಿ. ಈ ದಾರಿ ಬಹಳ ಬೇಗ ಪಳಗುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಿದರು. ಆರರಿಂದ ಎಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ಹತ್ತರಿಂದ ಹನ್ನೆರಡು ತಿಂಗಳಾಗುವಷ್ಟರಲ್ಲಿ ಹೆಚ್ಚಿನವಕ್ಕೆ ಆ ವ್ಯತ್ಯಾಸವೇ ತಿಳಿಯಲಿಲ್ಲ. ಮನೆಯಲ್ಲಿ ಬೇಕಿಲ್ಲದ ದನಿಯನ್ನು ಕಿವಿ ಕೈಬಿಟ್ಟಿತ್ತು. ನಿಮ್ಮ ಕಿವಿ ಹಿಂದಿಯನ್ನು ಚಿಕ್ಕಂದಿನಲ್ಲೇ ಹಿಡಿದುಕೊಂಡಿದೆ. ಅದಕ್ಕೇ ಮಾತು ಸಲೀಸು.

ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷ ಆಗಿರಬಹುದು, ಅಷ್ಟೆ. ಅದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗ ಇಲ್ಲ. ಓದು ಕಲಿತಾಗ ಎಡಗಡೆ ಹಿಂಬದಿಯಲ್ಲಿ, ಮಿದುಳಿನ ತಳದಲ್ಲಿರುವ ಒಂದು ಸಣ್ಣ ಭಾಗ ಅಕ್ಷರ ಗುರುತಿಸಲು ಪಳಗುತ್ತದೆ. ಲೊರಾಂ ಕೊಹೆನ್, ಸ್ಟಾನಿಸ್ಲಾಸ್ ಡೆಹಾನ್ ಮತ್ತು ಜೊತೆಗಾರರು 2000ದಲ್ಲಿ ಇದರ ಬಗ್ಗೆ ಬರೆದ ಮೇಲೆ ಅದು ತುಂಬಾ ಚರ್ಚೆಗೆ ಬಂತು. ಲಿಪಿ ಯಾವುದೇ ಇರಲಿ, ಜಾಗ ಹೆಚ್ಚುಕಮ್ಮಿ ಅದೇ.

ಈ ಜಾಗದ ಸುಳಿವು ಸಿಕ್ಕಿದ್ದು ಅದಕ್ಕೂ ನೂರು ವರ್ಷ ಮೊದಲು. ಫ್ರಾನ್ಸಿನ ವೈದ್ಯ ಜೂಲ್ ಡೆಜೆರಿನ್ 1892ರಲ್ಲಿ ಒಬ್ಬ ರೋಗಿಯ ಬಗ್ಗೆ ಬರೆದರು. ಆತ ಮಾತಾಡುತ್ತಿದ್ದ, ಬೇರೆಯವರ ಮಾತೂ ತಿಳಿಯುತ್ತಿತ್ತು. ಪೆನ್ನು ಕೊಟ್ಟರೆ ಬರೆಯುತ್ತಿದ್ದ. ಆದರೆ ತಾನೇ ಬರೆದದ್ದನ್ನು ತಾನೇ ಓದಲಾಗುತ್ತಿರಲಿಲ್ಲ! ಕಣ್ಣಿಗೆ ಏನೂ ಆಗಿರಲಿಲ್ಲ. ಕಂಡ ಅಕ್ಷರ ಭಾಷೆಯನ್ನು ಮುಟ್ಟುವ ದಾರಿ ಕಡಿದುಹೋಗಿತ್ತು. ಇಂಥ ತೊಂದರೆ ಇರುವ ಕೆಲವರು ಅಕ್ಷರದ ಮೇಲೆ ಬೆರಳಾಡಿಸಿ, ತಿದ್ದಿದ ಹಾಗೆ ಮಾಡಿ, ಅದು ಯಾವ ಅಕ್ಷರ ಅಂತ ಹೇಳುತ್ತಾರೆ. ಕಣ್ಣಿಗೆ ಸಿಗದ್ದು ಕೈಗೆ ಸಿಗುತ್ತದೆ. ಇದನ್ನು ಯಾವಾಗ ಓದಿದರೂ ನನ್ನ ಮನಸ್ಸು ಅಲ್ಲೇ ನಿಂತುಬಿಡುತ್ತದೆ.

ಹಾಗಾಗಿ ನಿಮಗೆ ಹಿಂದಿ ಭಾಷೆ ಬರುತ್ತದೆ, ಅದರ ಲಿಪಿ ಮಾತ್ರ ಕಣ್ಣಿಗೆ ಇನ್ನೂ ಒಗ್ಗಿಲ್ಲ. ಕನ್ನಡದಲ್ಲಿ ‘ನೀರು’ ಅಂತ ಬರೆದಿದ್ದನ್ನು ಓದದೆ ಸುಮ್ನೆ ನೋಡಲು ಯತ್ನಿಸಿ. ಆಗಲ್ಲ, ಅಲ್ವಾ? ನೋಡುವ ಮೊದಲೇ ಓದಿ ಆಗಿರುತ್ತದೆ. ದೇವನಾಗರಿ ಇನ್ನೂ ಆ ಹಂತಕ್ಕೆ ಬಂದಿಲ್ಲ, ಅಷ್ಟೆ.

ಇನ್ನು ನುಗ್ಗುವ ಪದಗಳ ವಿಷಯ. ಒಂದು ಭಾಷೆ ಬಳಸುವಾಗ ಉಳಿದವು ಮಲಗಿರುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಅವು ಮಲಗುವುದಿಲ್ಲ. ನಿಮ್ಮ ಮುಂದೆ ಒಂದು ಪೆಟ್ಟಿಗೆ, ಒಂದು ಪೆನ್ಸಿಲ್ ಇವೆ ಅಂದುಕೊಳ್ಳಿ. ಯಾರೋ ಕನ್ನಡದಲ್ಲಿ ‘ಪೆಟ್ಟಿಗೆ ತಗೊಳ್ಳಿ’ ಅನ್ನುತ್ತಾರೆ. ‘ಪೆ’ ಕಿವಿಗೆ ಬಿದ್ದ ಕ್ಷಣ ಎರಡೂ ಪದ ಎದ್ದು ಕೂರುತ್ತವೆ. ಇದೇ ಬಗೆಯ ಪ್ರಯೋಗವನ್ನು ಮೈಕೆಲ್ ಸ್ಪೈವಿ ಮತ್ತು ವಿಯೊರಿಕಾ ಮರಿಯನ್ ರಷ್ಯನ್, ಇಂಗ್ಲಿಷ್ ಎರಡೂ ಬಲ್ಲವರ ಮೇಲೆ ಮಾಡಿ 1999ರಲ್ಲಿ ಪ್ರಕಟಿಸಿದರು. ರಷ್ಯನ್ ಭಾಷೆಯಲ್ಲಿ ‘ಮಾರ್ಕಾ’ ಅಂದರೆ ಅಂಚೆಚೀಟಿ. ಅದನ್ನು ಎತ್ತಿಡಿ ಅಂತ ರಷ್ಯನ್ನಿನಲ್ಲೇ ಹೇಳಿದರೂ ಅವರ ಕಣ್ಣು ಪಕ್ಕದ ಮಾರ್ಕರ್ ಪೆನ್ನಿನ ಕಡೆ ಹೊರಳುತ್ತಿತ್ತು.

ಓದಿನಲ್ಲೂ ಹೀಗೇ. ಗಿಯೋಮ್ ತಿಯೆರಿ ಮತ್ತು ಯಾನ್ ಜಿಂಗ್ ವು 2007ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದರು. ಇಂಗ್ಲಿಷ್ ಚೆನ್ನಾಗಿ ಬಲ್ಲ ಚೀನಿಯರಿಗೆ ಇಂಗ್ಲಿಷ್ ಪದಗಳ ಜೋಡಿ ಮಾತ್ರ ತೋರಿಸಿದರು. ಅರ್ಥದಲ್ಲಿ ನಂಟು ಇದೆಯಾ ಇಲ್ಲವಾ ಅಂತ ಹೇಳಬೇಕಿತ್ತು. ಕೆಲವು ಜೋಡಿಗಳಲ್ಲಿ ಒಂದು ಗುಟ್ಟಿತ್ತು. ರೈಲು ಮತ್ತು ಹಂದಿ ತೊಡೆಯ ಮಾಂಸಕ್ಕೆ ಇರುವ ಇಂಗ್ಲಿಷ್ ಪದಗಳಿಗೆ ಏನೂ ನಂಟಿಲ್ಲ. ಆದರೆ ಚೀನಿ ಭಾಷೆಯಲ್ಲಿ ರೈಲು ಅಂದರೆ ‘ಬೆಂಕಿ ಬಂಡಿ’, ಆ ಮಾಂಸ ಅಂದರೆ ‘ಬೆಂಕಿ ಕಾಲು’. ಉತ್ತರ ಕೊಡುವ ವೇಗದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮಿದುಳಿನ ವಿದ್ಯುತ್ ಅಲೆಗಳಲ್ಲಿ ಮಾತ್ರ ಕಂಡಿತು. ಅವರಿಗೇ ಗೊತ್ತಾಗದಂತೆ ಒಳಗೆ ತಾಯ್ನುಡಿ ಓಡುತ್ತಿತ್ತು. ನಿಮಗೆ ಅದು ಆಗಾಗ ಗೊತ್ತಾಗುತ್ತಿದೆ, ವ್ಯತ್ಯಾಸ ಇಷ್ಟೇ.

ಎಲ್ಲ ಭಾಷೆಗಳೂ ಎಚ್ಚರವಾಗಿರುವುದಕ್ಕೆ ಒಂದು ಸಣ್ಣ ಬೆಲೆ ಇದೆ. ಹಲವು ಭಾಷೆ ಬಲ್ಲವರಿಗೆ ಪದ ನಾಲಿಗೆ ತುದಿಗೆ ಬಂದು ನಿಲ್ಲುವುದು ಸ್ವಲ್ಪ ಜಾಸ್ತಿ. ಚಿತ್ರ ತೋರಿಸಿ ಹೆಸರು ಕೇಳಿದರೆ ಒಂದು ಚೂರು ತಡವಾಗುತ್ತದೆ. ಬೇರೆ ಭಾಷೆಯ ಪದ ಮೊದಲು ಸಿಕ್ಕಿದರೆ ಅದನ್ನೇ ಬಳಸಿ, ನಾಚಿಕೆ ಬೇಡ. ಜಾಸ್ತಿ ಭಾಷೆ ಕಲಿತರೆ ಬುದ್ಧಿ ಚುರುಕಾಗುತ್ತದೆ ಅನ್ನುವ ಮಾತನ್ನು ಮಾತ್ರ ನಾನು ನಿಮಗೆ ಸಮಾಧಾನಕ್ಕೆಂದು ಹೇಳಲಾರೆ. ಆ ಬಗ್ಗೆ ಸಂಶೋಧಕರಲ್ಲೇ ಒಮ್ಮತ ಇಲ್ಲ.

ಹಿಂದಿ ಓದಿಗೆ ಒಂದು ದಾರಿ ಹೇಳುತ್ತೇನೆ. ನಿಮ್ಮ ಕಿವಿ ಆಗಲೇ ಬಲ್ಲದ್ದನ್ನು ಕಣ್ಣಿಗೆ ಕಲಿಸಿ. ಗೊತ್ತಿರುವ ಕತೆಯೊಂದರ ಧ್ವನಿಮುದ್ರಣ ಹಾಕಿ, ಪುಸ್ತಕ ತೆರೆದು, ಕೇಳುವ ಪದದ ಕೆಳಗೆ ಬೆರಳು ಓಡಿಸಿ. ತಡೆಯುವ ಒತ್ತಕ್ಷರಗಳನ್ನು ಕೈಯಿಂದ ನಾಲ್ಕಾರು ಸಲ ಬರೆಯಿರಿ, ಟೈಪ್ ಮಾಡಬೇಡಿ. ಒಂದೆರಡು ತಿಂಗಳ ಮೇಲೆ ಹೇಗಾಯಿತು ಅಂತ ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.