ಒಚೋವಾ ಸೇರಿದ್ದು ಯಾವ ಹಾಲ್ ಆಫ್ ಫೇಮ್?

ಪ್ರಶ್ನೆ: ಮೆಕ್ಸಿಕೊದ ಗಾಲ್ಫ್ ಆಟಗಾರ್ತಿ ಲೊರೆನಾ ಒಚೋವಾ ಅವರು ಹಾಲ್ ಆಫ್ ಫೇಮ್ ಸೇರಿದ್ದು 2017ರಲ್ಲಿ ಎಂದು ಒಂದು ಕಡೆ ಓದಿದೆ, 2022ರಲ್ಲಿ ಎಂದು ಇನ್ನೊಂದು ಕಡೆ. ಯಾವುದು ಸರಿ? ವಿಶ್ವದ ಒಂದನೇ ಸ್ಥಾನದಲ್ಲಿದ್ದವರು 28ನೇ ವಯಸ್ಸಿಗೇ ಆಟ ಬಿಟ್ಟದ್ದೇಕೆ? ಗಾಯವೇನಾದರೂ ಆಗಿತ್ತೇ?
– ಓದುಗರು, ಮೈಸೂರು

ಉತ್ತರ: ಎರಡೂ ಸರಿ, ಏಕೆಂದರೆ ಸಾಧಕರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗಳೇ ಎರಡಿವೆ. 2017ರಲ್ಲಿ ಅವರನ್ನು ಸೇರಿಸಿಕೊಂಡದ್ದು ಗಂಡಸರು, ಹೆಂಗಸರು ಇಬ್ಬರಿಗೂ ಸೇರಿದ ವರ್ಲ್ಡ್ ಗಾಲ್ಫ್ ಹಾಲ್ ಆಫ್ ಫೇಮ್. ಅಲ್ಲಿ ಸಮಿತಿಯೊಂದು ಹೆಸರುಗಳನ್ನು ಆರಿಸುತ್ತದೆ. 2022ರದ್ದು ಮಹಿಳಾ ವೃತ್ತಿಪರ ಗಾಲ್ಫ್‌ನ ಸಂಸ್ಥೆಯಾದ ಎಲ್‌ಪಿಜಿಎ ನಡೆಸುವ ಹಾಲ್ ಆಫ್ ಫೇಮ್. ಅಲ್ಲಿ ಯಾರ ಅಭಿಪ್ರಾಯಕ್ಕೂ ಜಾಗವಿಲ್ಲ, 27 ಅಂಕ ಗಳಿಸಬೇಕು. ಒಂದು ಟೂರ್ನಿ ಗೆದ್ದರೆ ಒಂದು ಅಂಕ, ಮೇಜರ್ ಎನ್ನುವ, ವರ್ಷದ ಕೆಲವೇ ಅತಿ ದೊಡ್ಡ ಟೂರ್ನಿಗಳಲ್ಲೊಂದನ್ನು ಗೆದ್ದರೆ ಎರಡು, ವರ್ಷದ ಆಟಗಾರ್ತಿ ಪ್ರಶಸ್ತಿಗೆ ಒಂದು, ಅತಿ ಕಡಿಮೆ ಸರಾಸರಿ ಸ್ಕೋರ್‌ಗೆ ಕೊಡುವ ವೇರ್ ಟ್ರೋಫಿಗೆ ಒಂದು.

ಒಚೋವಾ ಈ ಲೆಕ್ಕವನ್ನು 2008ರ ಏಪ್ರಿಲ್‌ನಲ್ಲೇ ಮುಗಿಸಿದ್ದರು. ಮೆಕ್ಸಿಕೊದ ಮೊರೆಲಿಯಾದಲ್ಲಿ, ತಮ್ಮವರ ಮುಂದೆಯೇ, ಅವರು ಕೊರೋನಾ ಚಾಂಪಿಯನ್‌ಷಿಪ್ ಗೆದ್ದಾಗ ಅದು ಅವರ 21ನೇ ಗೆಲುವಾಗಿತ್ತು. ಅದರಲ್ಲಿ ಎರಡು ಮೇಜರ್‌ಗಳಿದ್ದುದರಿಂದ ಇನ್ನೆರಡು ಅಂಕ, 2006 ಮತ್ತು 2007ರಲ್ಲಿ ಎರಡೂ ಪ್ರಶಸ್ತಿಗಳನ್ನು ಪಡೆದಿದ್ದರಿಂದ ಮತ್ತೆ ನಾಲ್ಕು. ಒಟ್ಟು 27. ಆಗ ಅವರಿಗೆ 26 ವರ್ಷ. ಆದರೆ ಅಂಕಗಳ ಜೊತೆಗೆ ಹತ್ತು ವರ್ಷ ಎಲ್‌ಪಿಜಿಎ ಟೂರ್‌ನಲ್ಲಿ, ಅಂದರೆ ಅದರ ಟೂರ್ನಿಗಳ ಸರಣಿಯಲ್ಲಿ, ಆಡಿರಬೇಕೆಂಬ ಷರತ್ತೂ ಇತ್ತು. 2003ರಲ್ಲಿ ಸೇರಿ 2010ರಲ್ಲಿ ಆಟ ನಿಲ್ಲಿಸಿದ ಒಚೋವಾ ಬಾಗಿಲ ಹೊರಗೇ ಉಳಿದರು. 2022ರಲ್ಲಿ ಎಲ್‌ಪಿಜಿಎ ಆ ಷರತ್ತನ್ನು ತೆಗೆದುಹಾಕಿದೊಡನೆ ಅವರ ಹೆಸರು ತಾನಾಗಿಯೇ ಸೇರಿತು. ನನ್ನನ್ನು ಕೇಳಿದರೆ ಆ ನಿಯಮ ಮೊದಲಿನಿಂದಲೂ ವಿಚಿತ್ರವೇ. ಆರನೆಯ ಋತುವಿನಲ್ಲೇ ಅಳತೆ ಮುಟ್ಟಿಸಿದವರನ್ನು ಇನ್ನೂ ಹಲವು ವರ್ಷ ಹಾಜರಿ ಹಾಕಿ ಎನ್ನುವುದು ಸಾಧನೆಯ ಪರೀಕ್ಷೆಯಲ್ಲ.

ಗಾಯವಾಗಿರಲಿಲ್ಲ, ಆಟವೂ ಕೈಕೊಟ್ಟಿರಲಿಲ್ಲ. 2009ರ ಡಿಸೆಂಬರ್‌ನಲ್ಲಿ ಮದುವೆಯಾದ ಅವರು 2010ರ ಏಪ್ರಿಲ್‌ನಲ್ಲಿ ಕುಟುಂಬಕ್ಕೂ ತಮ್ಮ ಪ್ರತಿಷ್ಠಾನದ ಕೆಲಸಕ್ಕೂ ಸಮಯ ಬೇಕೆಂದು ಹೇಳಿ ನಿವೃತ್ತಿ ಘೋಷಿಸಿದರು. ಆ ಪ್ರತಿಷ್ಠಾನವು ಗ್ವಾಡಲಹಾರಾದಲ್ಲಿ ಬಡ ಮಕ್ಕಳಿಗಾಗಿ ಲಾ ಬರಾಂಕಾ ಎಂಬ ಶಾಲೆಯನ್ನು ನಡೆಸುತ್ತದೆ. ಅದರ ಬೆನ್ನಲ್ಲೇ ಮೊರೆಲಿಯಾದಲ್ಲಿ ಕೊನೆಯ ಟೂರ್ನಿ ಆಡಿ, ಆರನೆಯವರಾಗಿ ಮುಗಿಸಿ, 2007ರ ಏಪ್ರಿಲ್‌ನಲ್ಲಿ ಆನಿಕಾ ಸೊರೆನ್‌ಸ್ಟಾಮ್ ಅವರಿಂದ ಪಡೆದ ಒಂದನೇ ಸ್ಥಾನವನ್ನು ಒಂದು ವಾರವೂ ಬಿಟ್ಟುಕೊಡದೆ, 158 ವಾರ ಉಳಿಸಿಕೊಂಡೇ ಹೊರನಡೆದರು.

ಆದರೆ ಆ ಎತ್ತರಕ್ಕೆ ಅವರು ಸಲೀಸಾಗಿ ಏರಿದರೆಂದು ಈ ಅಂಕಿಗಳನ್ನು ನೋಡಿ ತಿಳಿಯಬಾರದು. ಗ್ವಾಡಲಹಾರಾದ ಕಂಟ್ರಿ ಕ್ಲಬ್ಬಿನ ಪಕ್ಕದ ಮನೆಯಲ್ಲಿ ಬೆಳೆದು, ಐದರ ವಯಸ್ಸಿಗೆ ಗಾಲ್ಫ್ ಕೋಲು ಹಿಡಿದು, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಪರವಾಗಿ ಆಡಿದ 20 ಟೂರ್ನಿಗಳಲ್ಲಿ 12ನ್ನು ಗೆದ್ದು ಬಂದವರು ಅವರು ನಿಜ. ಆದರೆ ಮೇಜರ್ ಮಾತ್ರ ಕೈಗೆ ಬಂದು ಬಂದು ಜಾರುತ್ತಿತ್ತು. 2005ರ ಯುಎಸ್ ಓಪನ್‌ನ ಕೊನೆಯ ಹೋಲ್‌ನಲ್ಲಿ ಮೊದಲ ಹೊಡೆತವನ್ನೇ ನೀರಿಗೆ ಹಾಕಿ, ನಾಲ್ಕು ಹೊಡೆತಗಳಲ್ಲಿ ಮುಗಿಸಬೇಕಾದ (ಅದೇ ಆ ಹೋಲ್‌ನ ಪಾರ್) ಕಡೆ ಎಂಟು ಹೊಡೆತ ತೆಗೆದುಕೊಂಡು, ನಾಲ್ಕು ಹೊಡೆತಗಳಿಂದ ಹಿಂದುಳಿದರು. ಅಂದರೆ ಅಲ್ಲಿ ಪಾರ್ ಸಿಕ್ಕಿದ್ದರೆ ಸಮಬಲವಾದವರ ನಡುವಿನ ಹೆಚ್ಚುವರಿ ಆಟವಾದ ಪ್ಲೇಆಫ್ ಆಡುತ್ತಿದ್ದರು. ಮರುವರ್ಷ ಇನ್ನೊಂದು ಮೇಜರ್ ಆದ ಕ್ರಾಫ್ಟ್ ನಬಿಸ್ಕೋ ಟೂರ್ನಿಯ ಮೊದಲ ದಿನ 62 ಹೊಡೆತಗಳಲ್ಲೇ ಸುತ್ತು ಮುಗಿಸಿ, ಮೇಜರ್‌ಗಳಲ್ಲಿ ಅಲ್ಲಿಯವರೆಗಿನ ಅತಿ ಕಡಿಮೆ ಸ್ಕೋರನ್ನು ಸರಿಗಟ್ಟಿಯೂ ಕ್ಯಾರಿ ವೆಬ್ ಎದುರು ಪ್ಲೇಆಫ್‌ನಲ್ಲಿ ಸೋತರು. ಒತ್ತಡದಲ್ಲಿ ಕುಸಿಯುತ್ತಾರೆ ಎಂಬ ಮಾತು ಆಗ ಧಾರಾಳವಾಗಿ ಕೇಳಿಬಂತು.

ಅದಕ್ಕೆ ಉತ್ತರ ಸಿಕ್ಕಿದ್ದು 2007ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡ್‌ನ ಸೇಂಟ್ ಆಂಡ್ರ್ಯೂಸ್‌ನಲ್ಲಿ. ಗಾಲ್ಫ್‌ನ ತವರು ಎನಿಸಿಕೊಂಡ ಅಲ್ಲಿನ ಓಲ್ಡ್ ಕೋರ್ಸ್‌ನಲ್ಲಿ ಮಹಿಳಾ ವೃತ್ತಿಪರರ ಟೂರ್ನಿ ನಡೆದದ್ದು ಅದೇ ಮೊದಲು. ಮಹಿಳೆಯರಿಗೆ ಸದಸ್ಯತ್ವವನ್ನೇ ಕೊಡದಿದ್ದ ರಾಯಲ್ ಅಂಡ್ ಏನ್ಷಿಯೆಂಟ್ ಕ್ಲಬ್ಬು ಆ ವಾರ ಆಟಗಾರ್ತಿಯರಿಗಾಗಿ ತನ್ನ ಕಟ್ಟಡದ ಬಾಗಿಲು ತೆರೆದಿತ್ತು. ಮೊದಲ ಸುತ್ತಿನಿಂದ ಕೊನೆಯವರೆಗೂ ಮುನ್ನಡೆಯಲ್ಲೇ ಇದ್ದು, ನಾಲ್ಕು ಹೊಡೆತಗಳ ಅಂತರದಿಂದ ಅವರು ಬ್ರಿಟಿಷ್ ಓಪನ್ ಗೆದ್ದರು. ಅದೇ ವರ್ಷ ಒಂದು ಋತುವಿನಲ್ಲಿ 40 ಲಕ್ಷ ಡಾಲರ್ ದಾಟಿದ ಮೊದಲ ಮಹಿಳೆಯೂ ಆದರು. 2008ರಲ್ಲಿ ಕ್ರಾಫ್ಟ್ ನಬಿಸ್ಕೋವನ್ನೂ ಗೆದ್ದು, ಅಲ್ಲಿನ ಪದ್ಧತಿಯಂತೆ ಮನೆಯವರೊಡನೆ ಕೊಳಕ್ಕೆ ಹಾರಿದರು. ಒಟ್ಟು 27 ಎಲ್‌ಪಿಜಿಎ ಗೆಲುವುಗಳು ಅವರ ಹೆಸರಿನಲ್ಲಿವೆ.

ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿಯನ್ನೂ ಹೇಳಬೇಕು. ಅಮೆರಿಕದ ಗಾಲ್ಫ್ ಮೈದಾನಗಳಲ್ಲಿ ಹುಲ್ಲು ಕತ್ತರಿಸಿ, ಮಣ್ಣು ಹದಗೊಳಿಸುವವರಲ್ಲಿ ಬಹಳಷ್ಟು ಮಂದಿ ಮೆಕ್ಸಿಕೊದಿಂದ ಬಂದ ಕೆಲಸಗಾರರು. ಟೂರ್ನಿಗೆ ಹೋದಾಗ ಒಚೋವಾ ಈ ಕೆಲಸಗಾರರನ್ನು ಹುಡುಕಿಕೊಂಡು ಹೋಗಿ ಕೃತಜ್ಞತೆ ಹೇಳುತ್ತಿದ್ದರು, ಜೊತೆಗೆ ಕುಳಿತು ಉಪಾಹಾರ ಮಾಡುತ್ತಿದ್ದರು. ಮೆಕ್ಸಿಕೊದಲ್ಲಿ ಗಾಲ್ಫ್ ಇಂದಿಗೂ ಬಹುಮಟ್ಟಿಗೆ ಉಳ್ಳವರ ಕ್ಲಬ್ಬುಗಳ ಆಟ. ಅಂಥ ಆಟದಿಂದ ಬಂದವರೊಬ್ಬರು ಇಡೀ ದೇಶದ ಮನೆಮಾತಾದದ್ದಕ್ಕೆ ಟ್ರೋಫಿಗಳಷ್ಟೇ ಕಾರಣವಲ್ಲ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಒಚೋವಾ ಒಲಿಂಪಿಕ್ಸ್‌ನಲ್ಲಿ ಆಡಿದ್ದರೇ? ಅವರ ನಂತರ ಮೆಕ್ಸಿಕೊದಿಂದ ಬೇರೆ ಯಾರು ಬಂದರು?
– ಓದುಗರು, ಶಿವಮೊಗ್ಗ

ಉತ್ತರ: ಆಡಿಲ್ಲ, ಆಡುವಂತೆಯೂ ಇರಲಿಲ್ಲ. 1900ರ ನಂತರ ಮಹಿಳಾ ಗಾಲ್ಫ್ ಒಲಿಂಪಿಕ್ಸ್‌ಗೆ ಮರಳಿದ್ದು 2016ರಲ್ಲಿ, ರಿಯೊದಲ್ಲಿ. ಆ ಹೊತ್ತಿಗೆ ಅವರು ಆಟ ಬಿಟ್ಟು ಆರು ವರ್ಷವಾಗಿತ್ತು. ರಿಯೊದಲ್ಲಿ ಮೆಕ್ಸಿಕೊದ ಪರ ಆಡಿದವರಲ್ಲಿ ಗ್ಯಾಬಿ ಲೋಪೆಸ್ ಒಬ್ಬರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಕೂಡ ಅದೇ ಸ್ಪರ್ಧೆಯಲ್ಲಿದ್ದರು. 2018ರಲ್ಲಿ ಚೀನಾದಲ್ಲಿ ಗೆದ್ದ ಲೋಪೆಸ್, ಎಲ್‌ಪಿಜಿಎ ಟೂರ್ನಿ ಗೆದ್ದ ಎರಡನೆಯ ಮೆಕ್ಸಿಕನ್ ಮಹಿಳೆ. 2020ರ ಜನವರಿಯಲ್ಲಿ ಅವರು ಫ್ಲಾರಿಡಾದಲ್ಲಿ ಗೆದ್ದ ಪ್ಲೇಆಫ್ ಕತ್ತಲಾಗಿ ನಿಂತು, ಮರುದಿನ ಬೆಳಿಗ್ಗೆ ಏಳನೆಯ ಹೋಲ್‌ನಲ್ಲಿ ಮುಗಿಯಿತು. ಟೋಕಿಯೊ ಒಲಿಂಪಿಕ್ಸ್‌ನ ಉದ್ಘಾಟನೆಯಂದು ಮೆಕ್ಸಿಕೊದ ಧ್ವಜ ಹಿಡಿದ ಇಬ್ಬರಲ್ಲಿ ಅವರೂ ಒಬ್ಬರು.