ಸಂಪಾದಕರ ಉತ್ತರ: ಶತ್ರುವಿನ ಮನೆಯ ಅಳು

ಪ್ರಿಯ ಓದುಗರೇ,

‘ಗ್ರೀಕ್ ದುರಂತ ನಾಟಕಗಳಲ್ಲಿ ಎಲ್ಲವೂ ಹಣೆಬರಹ. ಈಡಿಪಸ್ ಏನು ಮಾಡಿದರೂ ತಪ್ಪಿಸಿಕೊಳ್ಳಲಾರ. 2,500 ವರ್ಷ ಹಳೆಯ ಈ ಗೋಳು ನಮಗೇಕೆ?’ ಎಂದು ಬರೆದಿದ್ದೀರಿ.

ಈಡಿಪಸ್ ಬಗ್ಗೆ ಒಂದೇ ಮಾತು. ಈ ದೊರೆ ಯಾರೆಂದು ತಿಳಿಯದೆ ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ನಾಟಕ ಶುರುವಾಗುವ ಮೊದಲೇ ನಡೆದುಹೋಗಿದೆ. ನಮ್ಮ ಕಣ್ಣೆದುರು ಅವನು ನಿಜವನ್ನು ಹುಡುಕುತ್ತಾನೆ. ಸಾಕು, ಇನ್ನು ಕೇಳಬೇಡ ಎಂದು ಹೆಂಡತಿಯೂ ತಾಯಿಯೂ ಆದ ಯೊಕಾಸ್ಟಾ ಅಂಗಲಾಚಿದರೂ ಬಿಡುವುದಿಲ್ಲ. ಆ ಹಟ ಅವನದೇ.

ಆದರೆ ನಿಮ್ಮ ಪ್ರಶ್ನೆಗೆ ಉತ್ತರವಾಗಿ ನಾನು ಕೈಗೆ ಕೊಡುವುದು ಗ್ರೀಕ್ ನಾಟಕಕಾರ ಈಸ್ಕಿಲಸ್‌ ಪರ್ಷಿಯದವರ ಬಗ್ಗೆ ಬರೆದ ನಾಟಕವನ್ನು. ಬಿ.ಎಂ.ಶ್ರೀ. ಅದನ್ನು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದರು. ಪೂರ್ತಿಯಾಗಿ ಉಳಿದಿರುವ ಗ್ರೀಕ್ ದುರಂತ ನಾಟಕಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು.

ಕ್ರಿ.ಪೂ. 480ರಲ್ಲಿ ಪರ್ಷಿಯದ ದೊರೆ ಕ್ಸರ್ಕ್ಸಸ್ ದಂಡೆತ್ತಿ ಬಂದು ಅಥೆನ್ಸ್‌ಗೆ ಬೆಂಕಿ ಇಟ್ಟ. ಅಕ್ರೊಪೊಲಿಸ್ ಗುಡ್ಡದ ಗುಡಿಗಳು ಸುಟ್ಟುಹೋದವು. ಅದೇ ವರ್ಷ ಸಲಾಮಿಸ್ ಬಳಿಯ ಕಡಲಿನಲ್ಲಿ ಅವನ ಹಡಗುಪಡೆ ಸೋತಿತು. ಎಂಟು ವರ್ಷ ಕಳೆದ ಮೇಲೆ, 472ರಲ್ಲಿ, ಅಥೆನ್ಸ್‌ನಲ್ಲೇ ಈ ನಾಟಕ ಆಡಿದರು. ಈಸ್ಕಿಲಸ್ ತಾನೇ ಪರ್ಷಿಯದವರ ವಿರುದ್ಧ ಹಿಂದೆ ನಡೆದ ಮ್ಯಾರಥಾನ್ ಯುದ್ಧದಲ್ಲಿ ಕಾದಿದವನು. ಅವನ ಒಡಹುಟ್ಟಿದವನು ಅಲ್ಲೇ ಸತ್ತಿದ್ದ.

ಇಂಥವನು ಸುಮ್ನೆ ಒಂದು ವಿಜಯೋತ್ಸವ ಬರೆದಿದ್ದರೂ ಯಾರೂ ಬೇಡ ಅನ್ನುತ್ತಿರಲಿಲ್ಲ, ಅಲ್ವಾ? ಅವನು ಕಥೆಯನ್ನು ಶತ್ರುವಿನ ರಾಜಧಾನಿ ಸೂಸಾದಲ್ಲಿಟ್ಟ. ಅಲ್ಲಿ ರಾಜಮಾತೆ ಮಗನಿಗಾಗಿ ಕಾಯುತ್ತಿದ್ದಾಳೆ. ದೂತ ಬಂದು ಸತ್ತ ಸರದಾರರ ಹೆಸರುಗಳನ್ನು ಒಂದೊಂದಾಗಿ ಹೇಳುತ್ತಾನೆ. ಗ್ರೀಕ್ ವೀರರಲ್ಲಿ ಮಾತ್ರ ಒಬ್ಬನ ಹೆಸರೂ ನಾಟಕದಲ್ಲಿಲ್ಲ. ಸಲಾಮಿಸ್ ಗೆಲುವಿನ ರೂವಾರಿ ಥೆಮಿಸ್ಟೊಕ್ಲಿಸ್‌ನದೂ ಇಲ್ಲ! ಕೊನೆಗೆ ಕ್ಸರ್ಕ್ಸಸ್ ಹರಿದ ಬಟ್ಟೆಯಲ್ಲಿ ಬರುತ್ತಾನೆ. ಅವನೆಲ್ಲಿ, ಇವನೆಲ್ಲಿ ಎಂದು ಮೇಳದ ಮುದುಕರು ಕೇಳುತ್ತಾರೆ. ಸಲಾಮಿಸ್ ದಂಡೆಯಲ್ಲಿ ಬಿಟ್ಟು ಬಂದೆ ಎನ್ನುತ್ತಾನೆ.

ನೋಡಲು ಕೂತವರಲ್ಲಿ ಅದೇ ಯುದ್ಧದಲ್ಲಿ ಹೋರಾಡಿದವರಿದ್ದರು. ಮನೆ ಸುಟ್ಟುಕೊಂಡವರಿದ್ದರು. ತಮ್ಮ ಊರು ಸುಟ್ಟವನ ತಾಯಿಯ ಸಂಕಟವನ್ನು ಅವರು ಕೂತು ಕೇಳಿದರು, ಮೊದಲ ಬಹುಮಾನವನ್ನೂ ಕೊಟ್ಟರು. ಇದು ನನಗೆ ಇಂದಿಗೂ ದೊಡ್ಡ ವಿಷಯ. ಅಥೆನ್ಸಿನ ಹೆಮ್ಮೆಯೂ ನಾಟಕದಲ್ಲಿದೆ, ನಿಜ. ಅವರ ಒಡೆಯ ಯಾರು ಎಂದು ರಾಣಿ ಕೇಳಿದಾಗ, ಅವರು ಯಾರ ಗುಲಾಮರೂ ಅಲ್ಲ ಎಂಬ ಉತ್ತರ ಬರುತ್ತದೆ. ಆದರೆ ಕ್ಸರ್ಕ್ಸಸ್‌ನ ತಂದೆ, ಸತ್ತ ದೊರೆ ದಾರಿಯಸ್ ಗೋರಿಯಿಂದ ಎದ್ದು, ಮನುಷ್ಯ ತನ್ನ ಅಳತೆ ಮೀರಬಾರದು ಎನ್ನುತ್ತಾನೆ. ಆ ಎಚ್ಚರಿಕೆ ಗೆದ್ದವರಿಗೂ ಬೇಕಿತ್ತು.

ಮುಂದೆ ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೆಲೊಸ್ ದ್ವೀಪವನ್ನು ಮುತ್ತಿದರು. ಊರು ಶರಣಾದ ಮೇಲೆ ಗಂಡಸರನ್ನು ಕೊಂದು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಮರುವರ್ಷವೇ ಇನ್ನೊಬ್ಬ ನಾಟಕಕಾರ ಯೂರಿಪಿಡೀಸ್ ಅದೇ ಜನರ ಮುಂದೆ, ಗ್ರೀಕರಿಗೆ ಸೋತ ಟ್ರಾಯ್ ನಗರದ ಹೆಂಗಸರ ನಾಟಕ ಆಡಿಸಿದ. ಅದರಲ್ಲಿ ಗೆದ್ದ ಗ್ರೀಕರು ಟ್ರಾಯ್‌ನ ವೀರ ಹೆಕ್ಟರ್‌ನ ಎಳೆಯ ಮಗುವನ್ನು ಕೋಟೆಯಿಂದ ಎಸೆದು ಕೊಲ್ಲುತ್ತಾರೆ. ಇದನ್ನು ಹಣೆಬರಹ ಎಂದು ಹೇಗೆ ಹೇಳೋಣ? ಕೂತು ಚರ್ಚಿಸಿ, ಮನುಷ್ಯರೇ ತೀರ್ಮಾನಿಸಿ ಮಾಡಿದ್ದು.

‘ಪಾರಸಿಕರು’ ಸಿಕ್ಕರೆ ದೂತನ ಮಾತುಗಳಿಂದ ಶುರು ಮಾಡಿ. ಓದಿದ ಮೇಲೂ ಒಪ್ಪಿಗೆಯಾಗದಿದ್ದರೆ ಖಂಡಿತ ಬರೆಯಿರಿ, ಪ್ರಕಟಿಸುತ್ತೇನೆ.

– ಸಂಪಾದಕ