ಸ್ನಾನ ಮಾಡುವಾಗಲೇ ಹಳೇ ಕಾಲದ ರೇಜರ್‌ನಲ್ಲಿ ಶೇವ್ ಮಾಡಬಹುದೇ? ಕುತ್ತಿಗೆ ಉರಿಯುವುದು, ಬ್ಲೇಡ್ ತುಕ್ಕು ಹಿಡಿಯುವುದು ಯಾಕೆ?

ನಿಮ್ಮ ಮನೆ ತೀರ್ಥಹಳ್ಳಿ ಹತ್ತಿರ, ಬಚ್ಚಲಿಗೆ ಈಚೆಗೆ ಶವರ್ ಹಾಕಿಸಿದ್ದೀರಿ, ಮನೆಯಲ್ಲಿದ್ದ ಹಳೇ ರೇಜರ್‌ನಲ್ಲಿ, ಅಂದರೆ ಎರಡೂ ಕಡೆ ಅಲಗಿರುವ ಬ್ಲೇಡ್ ಹಾಕುವಂಥದ್ದರಲ್ಲಿ, ಶವರ್ ಕೆಳಗೆ ನಿಂತೇ ಶೇವ್ ಮಾಡುತ್ತಿದ್ದೀರಿ. ಕುತ್ತಿಗೆ ಉರಿಯುತ್ತದೆ, ಮಳೆಗಾಲದಲ್ಲಿ ಬ್ಲೇಡ್ ಬೇಗ ತುಕ್ಕು ಹಿಡಿಯುತ್ತದೆ, ಈ ಅಭ್ಯಾಸವನ್ನೇ ಬಿಡಬೇಕೇ ಎಂದು ಕೇಳಿದ್ದೀರಿ.

ಬಿಡಬೇಕಾಗಿಲ್ಲ. ಗಡ್ಡ ಮೆತ್ತಗಾಗುವುದಕ್ಕೆ ಸ್ನಾನಕ್ಕಿಂತ ಒಳ್ಳೆಯ ತಯಾರಿ ಇಲ್ಲ. ಆದರೆ ಶವರ್ ಇರುವುದು ಗಡ್ಡ ನೆನೆಸುವುದಕ್ಕೆ ಮಾತ್ರ. ರೇಜರ್ ಕೈಗೆತ್ತಿಕೊಳ್ಳುವ ಮುಂಚೆ ಅದನ್ನು ಪೂರ್ತಿ ನಿಲ್ಲಿಸಿ. ನೀರು ಸುರಿಯುತ್ತಲೇ ಇದ್ದರೆ ಮುಖಕ್ಕೆ ಹಚ್ಚಿದ ನೊರೆ ನಿಲ್ಲುವುದಿಲ್ಲ, ಕಣ್ಣು ಬಿಟ್ಟು ಕನ್ನಡಿ ನೋಡಲಾಗುವುದಿಲ್ಲ, ಬ್ಲೇಡಿನ ಸದ್ದೂ ಕೇಳಿಸುವುದಿಲ್ಲ. ಈ ರೇಜರ್‌ನಲ್ಲಿ ಸದ್ದು ಮುಖ್ಯ. ಕೋನ ಸರಿ ಇದ್ದಾಗ ಕೂದಲು ಕತ್ತರಿಸುವ ಸಣ್ಣ ಕರಕರ ಸದ್ದು ಒಂದೇ ಸಮನೆ ಬರುತ್ತದೆ. ಸದ್ದು ನಿಂತಿತೆಂದರೆ ಅಲಗು ಕೂದಲಿಗೆ ತಾಗುತ್ತಿಲ್ಲ ಅಥವಾ ಅಲ್ಲಿ ಕತ್ತರಿಸುವುದಕ್ಕೆ ಕೂದಲೇ ಉಳಿದಿಲ್ಲ. ಕೂದಲಿಲ್ಲದ ಕಡೆ ಮತ್ತೆ ಮತ್ತೆ ಎಳೆದರೆ ಹೆರೆಯುವುದು ಚರ್ಮವನ್ನೇ.

ಆದ್ದರಿಂದ ಶೇವ್ ಅನ್ನು ಸ್ನಾನದ ಕೊನೆಗಿಡಿ. ತಲೆ, ಮೈ ಎಲ್ಲ ತೊಳೆದಾಗುವ ಹೊತ್ತಿಗೆ ಗಡ್ಡಕ್ಕೆ ಮೂರ್ನಾಲ್ಕು ನಿಮಿಷ ಬಿಸಿನೀರು ಬಿದ್ದಿರುತ್ತದೆ. ಕೂದಲು ನೀರು ಹೀರಿ ಉಬ್ಬಿ ಮೆತ್ತಗಾಗಲು ಅಷ್ಟು ಸಾಕು. ಒಣ ಗಡ್ಡ ಕತ್ತರಿಸುವುದಕ್ಕೆ ಬೇಕಾಗುವಷ್ಟು ಬಲ ಆಮೇಲೆ ಬೇಕಾಗುವುದಿಲ್ಲ.

ನೀರಿನ ಬಿಸಿಯ ವಿಷಯದಲ್ಲಿ ಮಲೆನಾಡಿನವರಿಗೆ ಒಂದು ಮಾತು ಹೇಳಲೇಬೇಕು. ಹಂಡೆಯ ನೀರನ್ನು ಮೈ ಕೆಂಪಾಗುವಷ್ಟು ಸುಡುಸುಡು ಹೊಯ್ದುಕೊಳ್ಳುವುದು ನಮ್ಮಲ್ಲಿ ರೂಢಿ. ಮೈಗೆ ಅದು ಹಿತವೇ, ಶೇವಿಗೆ ಮಾತ್ರ ಆಗುವುದಿಲ್ಲ. ಅಷ್ಟು ಬಿಸಿಗೆ ಮುಖದ ಚರ್ಮದ ಎಣ್ಣೆಯಂಶ ಹೋಗುತ್ತದೆ, ರಕ್ತನಾಳಗಳು ಹಿಗ್ಗಿ ಚರ್ಮ ಕೆಂಪೇರುತ್ತದೆ. ಆಗ ಸಣ್ಣ ಗೀರು ಬಿದ್ದರೂ ರಕ್ತ ಬೇಗ ನಿಲ್ಲುವುದಿಲ್ಲ. ಮುಖಕ್ಕೆ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ನೀರು ಸಾಕು, ಅಂದರೆ ಮಣಿಕಟ್ಟಿನ ಒಳಭಾಗಕ್ಕೆ ಹಿತವಾಗಿ ಬೆಚ್ಚಗಿರಬೇಕು, ಚುರುಕ್ಕೆನ್ನಬಾರದು. ಮೈಗೆ ಬೇಕಾದರೆ ಸುಡುನೀರೇ ಇರಲಿ, ಕೊನೆಯ ಎರಡು ನಿಮಿಷ ತಣ್ಣೀರು ಬೆರೆಸಿಕೊಳ್ಳಿ.

ಎಣ್ಣೆಸ್ನಾನದ ದಿನ ಶೇವ್ ಬೇಡ ಎನ್ನುವುದು ನನ್ನ ಸಲಹೆ. ಮುಖದ ಮೇಲೆ ಕೊಬ್ಬರಿ ಎಣ್ಣೆಯ ಪಸೆ ಇದ್ದರೆ ನೊರೆ ಏಳುವುದಿಲ್ಲ, ಎದ್ದದ್ದೂ ಅರೆಗಳಿಗೆಯಲ್ಲಿ ಒಡೆದುಹೋಗುತ್ತದೆ. ಮಾಡಲೇಬೇಕೆಂದರೆ ಸೀಗೆಪುಡಿ ಅಥವಾ ಕಡಲೆಹಿಟ್ಟಿನಿಂದ ಮೊದಲು ಮುಖದ ಜಿಡ್ಡು ಪೂರ್ತಿ ತೆಗೆಯಿರಿ.

ಬ್ಲೇಡನ್ನು ಸ್ನಾನಕ್ಕೆ ಇಳಿಯುವ ಮುಂಚೆ, ಕೈ ಒಣಗಿರುವಾಗಲೇ ಹಾಕಿ. ಒದ್ದೆ ಕೈಯಲ್ಲಿ ಬ್ಲೇಡ್ ಹಾಕುವುದು ಬೆರಳು ಕುಯ್ದುಕೊಳ್ಳುವ ಕೆಲಸ. ರೇಜರ್ ಮೂರು ತುಂಡಾಗಿ ಬಿಚ್ಚುವಂಥದ್ದಾದರೆ ಮೇಲಿನ ಮುಚ್ಚಳವನ್ನು ಮಗುಚಿ ಹಿಡಿದು, ಅದರ ಮೊಳೆಗಳಿಗೆ ಬ್ಲೇಡಿನ ತೂತು ಸೇರಿಸಿ, ಮೇಲೆ ತಳದ ತಗಡಿಟ್ಟು, ಹಿಡಿ ತಿರುಗಿಸಿ. ಬಿಗಿಮಾಡುವಾಗ ಬ್ಲೇಡಿನ ಮೊಂಡು ತುದಿಗಳನ್ನೇ ಹಿಡಿದಿರಿ. ಹಿಡಿಯ ಬುಡ ತಿರುಗಿಸಿದರೆ ಚಿಟ್ಟೆಯ ರೆಕ್ಕೆಯ ಹಾಗೆ ಬಾಯಿ ತೆರೆಯುವ ಮಾದರಿಯಾದರೆ ಇಷ್ಟು ಕೆಲಸವಿಲ್ಲ. ಎರಡರಲ್ಲೂ ಕೊನೆಗೆ ಬೆಳಕಿಗೆ ಹಿಡಿದು ನೋಡಿ: ಎರಡೂ ಬದಿಯಲ್ಲಿ ಅಲಗು ಒಂದೇ ಸಮನಾಗಿ ಹೊರಗೆ ಕಾಣಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕಂಡರೆ ಬ್ಲೇಡ್ ಓರೆಯಾಗಿ ಕೂತಿದೆ ಎಂದರ್ಥ, ಹೆಚ್ಚು ಚಾಚಿದ ಬದಿ ಖಂಡಿತ ಕುಯ್ಯುತ್ತದೆ. ಸಡಿಲಿಸಿ ಮತ್ತೆ ಕೂರಿಸಿ. ಬ್ಲೇಡಿನ ದಪ್ಪ 0.1 ಮಿಲಿಮೀಟರ್ ಅಷ್ಟೇ. ಅದು ಗಟ್ಟಿಯಾಗಿ ನಿಲ್ಲುವುದು ಮುಚ್ಚಳ ಮತ್ತು ತಗಡಿನ ನಡುವೆ ಬಾಗಿ ಬಿಗಿಯಾಗಿ ಸಿಕ್ಕಿಕೊಂಡಾಗ. ಕಿಂಗ್ ಕ್ಯಾಂಪ್ ಜಿಲೆಟ್‌ಗೆ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕ ರೇಜರ್‌ನಲ್ಲಿ ಇದ್ದದ್ದೂ ಇದೇ ಉಪಾಯ. ಹಿಡಿ ಸಡಿಲವಿದ್ದರೆ ಬ್ಲೇಡ್ ಅದುರುತ್ತದೆ, ಅದುರಿದರೆ ಚರ್ಮ ಗೀರುತ್ತದೆ.

ಇನ್ನು ನೊರೆ. ತುಂಗೆಯ ನೀರು, ಮಳೆನೀರು, ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರು ಸಾಮಾನ್ಯವಾಗಿ ಮೆದು, ಸೋಪು ಚೂರು ತಾಗಿದರೂ ನೊರೆ ಏಳುತ್ತದೆ. ಬೋರ್‌ವೆಲ್ ನೀರು ಗಡಸಿದ್ದರೆ ಸೋಪು ಹೆಚ್ಚು ಬೇಕು. ಟ್ಯೂಬಿನ ಕ್ರೀಮಾದರೆ ಬಾದಾಮಿ ಗಾತ್ರದಷ್ಟು ಸಾಕು. ಬ್ರಷ್ಷನ್ನು ಒದ್ದೆ ಮಾಡಿ, ಚೆನ್ನಾಗಿ ಕೊಡವಿ, ಕ್ರೀಮನ್ನು ನೇರವಾಗಿ ಗಡ್ಡದ ಮೇಲೆ ಸುತ್ತುಸುತ್ತಾಗಿ ತಿಕ್ಕಿ. ಆಮೇಲೆ ಬ್ರಷ್ಷಿನ ತುದಿಯನ್ನಷ್ಟೇ ನೀರಿಗೆ ಅದ್ದಿ ಮತ್ತೆ ತಿಕ್ಕಿ, ಹೀಗೆ ಎರಡು ಮೂರು ಸಲ. ನೀರನ್ನು ಒಮ್ಮೆಲೇ ಹಾಕಿದರೆ ಗುಳ್ಳೆಗುಳ್ಳೆ ನೊರೆಯಾಗುತ್ತದೆ. ನೋಡಲು ಬೇಕಾದಷ್ಟಿದ್ದರೂ ಅದರಲ್ಲಿ ಇರುವುದು ಬರೀ ಗಾಳಿ, ರೇಜರ್ ಜಾರುವುದಿಲ್ಲ. ಕಣ್ಣಿಗೆ ಗುಳ್ಳೆ ಕಾಣದೆ, ಹೊಳಪಿದ್ದು, ಬೆರಳಲ್ಲಿ ತೆಗೆದರೆ ಜಾರುವಂತಿದ್ದರೆ ಹದ ಬಂದಿದೆ. ಶವರ್ ಇರುವ ಬಚ್ಚಲಲ್ಲಿ ಮೈಯಿಂದ, ತಲೆಯಿಂದ ನೀರು ಇಳಿಯುತ್ತಲೇ ಇರುತ್ತದೆ. ಅದಕ್ಕೇ ಮೊದಲು ತಲೆ ಒರೆಸಿಕೊಂಡು ಆಮೇಲೆ ನೊರೆ ಹಚ್ಚಿ. ಈ ಚಿಕ್ಕ ಕೆಲಸ ಬಿಡುವವರೇ ಜಾಸ್ತಿ.

ಕನ್ನಡಿಗೆ ಆವಿ ಕೂರುತ್ತದೆ. ಸ್ವಲ್ಪ ಶೇವಿಂಗ್ ಸೋಪನ್ನು ಕನ್ನಡಿಗೆ ಸವರಿ ಒಣಬಟ್ಟೆಯಿಂದ ಪೂರ್ತಿ ಒರೆಸಿದರೆ ಉಳಿಯುವ ತೆಳು ಪದರ ಆ ಹೊತ್ತಿನ ಮಟ್ಟಿಗೆ ಆವಿ ಕಟ್ಟಲು ಬಿಡುವುದಿಲ್ಲ. ದೀಪ ತಲೆಯ ಹಿಂದಿದ್ದರೆ ಗದ್ದದ ಕೆಳಗೆ ನೆರಳು ಬೀಳುತ್ತದೆ, ಕನ್ನಡಿಯ ಮೇಲ್ಭಾಗಕ್ಕೆ ಹಾಕಿಸಿ.

ಈಗ ನಿಮ್ಮ ಕುತ್ತಿಗೆ ಉರಿಯ ವಿಷಯ. ಮುಖ್ಯ ಕಾರಣ ಕೂದಲು ಮಲಗಿದ ದಿಕ್ಕು ಗೊತ್ತಿಲ್ಲದಿರುವುದು. ಕೆನ್ನೆಯ ಮೇಲೆ ಕೂದಲು ಸಾಮಾನ್ಯವಾಗಿ ಕೆಳಮುಖವಾಗಿರುತ್ತದೆ. ಕುತ್ತಿಗೆಯಲ್ಲಿ ಹಾಗಲ್ಲ. ಗಂಟಲಮಣಿಯಿಂದ ಕೆಳಗೆ ಬಹಳ ಜನರಿಗೆ ಕೂದಲು ಮೇಲ್ಮುಖವಾಗಿಯೋ, ಕಿವಿಯ ಕಡೆಗೆ ಓರೆಯಾಗಿಯೋ ಬೆಳೆಯುತ್ತದೆ. ಎಡಕ್ಕೂ ಬಲಕ್ಕೂ ಬೇರೆಬೇರೆ ಇರುವುದೂ ಉಂಟು. ಕೆನ್ನೆಯಿಂದ ಕೆಳಕ್ಕೆ ಎಳೆದ ರೇಜರನ್ನು ಹಾಗೇ ಕುತ್ತಿಗೆಗೂ ಇಳಿಸಿದರೆ ಮೊದಲ ಸುತ್ತಿನಲ್ಲೇ ಕೂದಲಿಗೆ ಎದುರಾಗಿ ಎಳೆದಂತಾಯಿತು. ಎರಡು ದಿನ ಗಡ್ಡ ಬಿಟ್ಟು, ಒಣಗಿರುವಾಗ ಬೆರಳ ತುದಿಯಿಂದ ಕುತ್ತಿಗೆಯನ್ನು ನಾಲ್ಕೂ ದಿಕ್ಕಿಗೆ ಸವರಿ ನೋಡಿ. ನುಣ್ಣಗೆ ಜಾರುವ ದಿಕ್ಕೇ ಕೂದಲು ಮಲಗಿದ ದಿಕ್ಕು, ಚುಚ್ಚುವುದು ಎದುರು ದಿಕ್ಕು. ಇದನ್ನು ಒಂದು ಚೀಟಿಯಲ್ಲಿ ಮುಖದ ಆಕಾರ ಬರೆದು ಬಾಣ ಹಾಕಿ ಗುರುತು ಮಾಡಿಟ್ಟುಕೊಂಡರೂ ತಪ್ಪಿಲ್ಲ.

ಮೊದಲ ಸುತ್ತು ಮಲಗಿದ ದಿಕ್ಕಿಗೇ. ಮುಚ್ಚಳ ಮೊದಲು ಚರ್ಮಕ್ಕೆ ತಾಗಲಿ, ಆಮೇಲೆ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಿ, ಅಲಗು ತಾಗಿ ಸದ್ದು ಬಂದ ಕಡೆ ನಿಲ್ಲಿಸಿ. ಚರ್ಮಕ್ಕೂ ಬ್ಲೇಡಿಗೂ ನಡುವೆ ಸುಮಾರು 30 ಡಿಗ್ರಿ ಬರುತ್ತದೆ. ಎಳೆತ ಎರಡು ಮೂರು ಸೆಂಟಿಮೀಟರ್ ಉದ್ದವಿದ್ದರೆ ಸಾಕು. ಒತ್ತಬೇಡಿ, ಲೋಹದ ರೇಜರ್‌ನ ತೂಕವೇ ಕೆಲಸ ಮಾಡುತ್ತದೆ. ಪ್ಲಾಸ್ಟಿಕ್ ಕಾರ್ಟ್ರಿಜ್ ರೇಜರ್ ಬಳಸಿ ಬಂದವರಿಗೆ ಒತ್ತುವುದು ಕೈಗೆ ಹತ್ತಿದ ಅಭ್ಯಾಸ. ಅದರ ತಲೆ ಬಾಗಿ ಮುಖಕ್ಕೆ ಹೊಂದಿಕೊಳ್ಳುತ್ತದೆ, ಇದರದ್ದು ಬಾಗುವುದಿಲ್ಲ. ದವಡೆ ಮೂಳೆಯ ಅಂಚಿನಲ್ಲಿ ಇನ್ನೊಂದು ಕೈಯಿಂದ ಚರ್ಮವನ್ನು ಮೇಲಕ್ಕೆಳೆದು ಸಮತಟ್ಟಾದ ಜಾಗಕ್ಕೆ ತಂದುಕೊಂಡು ಹೆರೆಯಿರಿ. ಗಂಟಲಮಣಿಯ ಹತ್ತಿರ ಉಗುಳು ನುಂಗಿ ಹಾಗೇ ಹಿಡಿದರೆ ಅದು ಮೇಲಕ್ಕೆ ಸರಿಯುತ್ತದೆ, ಅಥವಾ ಚರ್ಮವನ್ನು ಪಕ್ಕಕ್ಕೆ ಎಳೆದುಕೊಳ್ಳಿ.

ಎರಡನೇ ಸುತ್ತು ಅಡ್ಡಕ್ಕೆ, ಮತ್ತೆ ನೊರೆ ಹಚ್ಚಿಕೊಂಡೇ. ನೊರೆಯಿಲ್ಲದ ಚರ್ಮದ ಮೇಲೆ, ಇಲ್ಲೊಂದು ಕೂದಲು ಉಳಿದಿದೆ ಎಂದು ಒಂದೇ ಒಂದು ಸಲ ಎಳೆಯುವುದೂ ಬೇಡ. ಉರಿಯ ಅರ್ಧ ಪಾಲು ಅಲ್ಲಿಂದಲೇ ಬರುತ್ತದೆ. ಕೂದಲಿಗೆ ಎದುರಾಗಿ ಮೂರನೇ ಸುತ್ತು ಬೇಕಾದರೆ ಕೆನ್ನೆಗಿರಲಿ, ಕುತ್ತಿಗೆಗೆ ಬೇಡವೆಂದೇ ನಾನು ಹೇಳುವುದು. ಗುಂಗುರು ಗಡ್ಡದವರಿಗಂತೂ ಹಾಗೆ ತೀರಾ ಬುಡಕ್ಕೆ ಕತ್ತರಿಸಿದ ಕೂದಲು ಚರ್ಮದೊಳಗೇ ಬೆಳೆದು ಕೆಂಪು ಗುಳ್ಳೆಯಾಗುತ್ತದೆ.

ಒದ್ದೆ ನೆಲ, ಬರಿಗಾಲು, ಸೋಪಿನ ಕೈ: ಬಚ್ಚಲಲ್ಲಿ ರೇಜರ್ ಜಾರುವುದು ಸಹಜ. ಬೆರಳುಗಳಿಗೆ ಪಟಿಕದ ಕಲ್ಲನ್ನು ಒಮ್ಮೆ ಉಜ್ಜಿಕೊಂಡರೆ ಹಿಡಿತ ಬರುತ್ತದೆ. ಚರ್ಮ ಎಳೆದು ಹಿಡಿಯುವ ಕೈಗೂ ಇದೇ ಉಪಾಯ. ಆದರೂ ಜಾರಿತೆಂದರೆ ಹಿಡಿಯಲು ಹೋಗಬೇಡಿ, ಕಾಲು ಹಿಂದಕ್ಕೆ ತೆಗೆದುಕೊಂಡು ಬೀಳಲು ಬಿಡಿ. ಬಿದ್ದ ರೇಜರ್‌ನ ಬ್ಲೇಡನ್ನು ಮತ್ತೆ ಬಳಸಬಾರದು, ಅಲಗು ಮಡಚಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಹಿತ್ತಾಳೆಯ ರೇಜರ್ ಒಂದೆರಡು ಏಟು ತಡೆಯುತ್ತದೆ. ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಲೇಪಿಸಿದ್ದಾದರೆ ಮುಚ್ಚಳದ ತಿರುಪು ಮುರಿಯುವುದೇ ಹೆಚ್ಚು.

ಮುಗಿದ ಮೇಲೆ ಮುಖಕ್ಕೆ ತಣ್ಣೀರು ಹಾಕಿ, ಒದ್ದೆ ಚರ್ಮಕ್ಕೇ ಪಟಿಕ ಸವರಿ. ಒಂದು ನಿಮಿಷ ಬಿಟ್ಟು ತೊಳೆಯಿರಿ. ಚಿಕ್ಕ ಗೀರಿನ ರಕ್ತ ನಿಲ್ಲುತ್ತದೆ. ಪಟಿಕ ಎಲ್ಲಿ ಚುರುಚುರು ಎನ್ನುತ್ತದೆಯೋ ಅಲ್ಲಿ ನೀವು ಒತ್ತಿದ್ದೀರಿ. ನಾಲ್ಕು ಸಲ ಒಂದೇ ಜಾಗ ಚುರುಗುಟ್ಟಿದರೆ ಆ ಜಾಗದ ದಿಕ್ಕನ್ನು ಮತ್ತೆ ಬೆರಳಿನಿಂದ ಪರೀಕ್ಷಿಸಿ.

ತುಕ್ಕಿನ ಮಾತಿಗೆ ಬರೋಣ. ಬ್ಲೇಡ್ ಸ್ಟೇನ್‌ಲೆಸ್ ಸ್ಟೀಲೇ ಆದರೂ ತುಕ್ಕು ಹಿಡಿಯುವುದೇ ಇಲ್ಲ ಎಂದೇನಿಲ್ಲ. ಅಲಗು ಅತಿ ತೆಳು, ಮೇಲಿನ ಲೇಪ ಬಳಸಿದಂತೆ ಸವೆಯುತ್ತದೆ, ಬೆವರಿನ ಉಪ್ಪು, ಸೋಪಿನ ಪಸೆ, ನೀರು ಮೂರೂ ಮುಚ್ಚಳದ ಸಂದಿಯಲ್ಲಿ ಉಳಿಯುತ್ತವೆ. ಘಟ್ಟದ ಮೇಲಿನ ಮಳೆಗಾಲದಲ್ಲಿ, ಹಗ್ಗದ ಮೇಲಿನ ಬಟ್ಟೆಯೇ ವಾರಗಟ್ಟಲೆ ಆರದಿರುವಾಗ, ಆ ಸಂದಿ ತಾನಾಗಿ ಒಣಗುವ ಮಾತೇ ಇಲ್ಲ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತಿ ಸಲ ಹಿಡಿಯನ್ನು ಒಂದು ಸುತ್ತು ಸಡಿಲಿಸಿ, ಬಿಸಿನೀರಲ್ಲಿ ಅಲ್ಲಾಡಿಸಿ ತೊಳೆದು, ಜೋರಾಗಿ ಕೊಡವಿ. ಅಲಗನ್ನು ಬಟ್ಟೆಯಿಂದ ಒರೆಸಬೇಡಿ, ಒರೆಸಿದರೆ ಅಲಗು ಹಾಳು. ಆಮೇಲೆ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್ಟನ್ನು ಚಿಕ್ಕ ಗಾಜಿನ ಲೋಟಕ್ಕೆ ಹಾಕಿ ರೇಜರ್ ತಲೆಯನ್ನು ಅದರಲ್ಲಿ ಅದ್ದಿ ತೆಗೆಯಿರಿ. ಸ್ಪಿರಿಟ್ ಸಂದಿಯ ನೀರನ್ನು ಹೊರಡಿಸಿ ತಾನೂ ಆರಿಹೋಗುತ್ತದೆ. ಅದು ಬೇಗ ಹೊತ್ತಿಕೊಳ್ಳುವ ವಸ್ತು, ಹಂಡೆಯ ಒಲೆ ಉರಿಯುವ ಬಚ್ಚಲಿನಲ್ಲಿ ಇಡಲೇಬೇಡಿ. ರೇಜರ್, ಬ್ರಷ್, ಪಟಿಕ ಮೂರನ್ನೂ ಬಚ್ಚಲಿಂದ ಹೊರಗೆ ತಂದು ಗಾಳಿಯಾಡುವ ಕಡೆ ಇಡಿ. ಬ್ರಷ್ಷನ್ನು ಕೂದಲು ಕೆಳಮುಖವಾಗಿರುವಂತೆ ನೇತುಹಾಕಿ, ಇಲ್ಲದಿದ್ದರೆ ಬುಡದಲ್ಲಿ ಬೂಷ್ಟು ಬರುತ್ತದೆ.

ಇಷ್ಟಾದರೂ ಒಂದು ಬ್ಲೇಡ್ ನಾಲ್ಕೈದು ಶೇವ್‌ಗಿಂತ ಹೆಚ್ಚು ಎಳೆಯಬೇಡಿ. ಕೂದಲು ಜಗ್ಗಿದಂತೆ ಅನಿಸಿದರೆ ಎರಡನೇ ಶೇವಿಗೇ ಬದಲಿಸಿ. ಬ್ಲೇಡಿಗೆ ಕೊಡುವುದು ಕೆಲವೇ ರೂಪಾಯಿ, ಅದರಲ್ಲಿ ಉಳಿತಾಯ ಬೇಡ. ಟೋಪಾಜ್, ಸೆವೆನ್ ಓ ಕ್ಲಾಕ್, ವಿಲ್ಕಿನ್ಸನ್ ಇವುಗಳ ಒಂದೊಂದು ಪೊಟ್ಟಣ ತಂದು ಯಾವುದು ನಿಮ್ಮ ಗಡ್ಡಕ್ಕೆ ಒಗ್ಗುತ್ತದೆ ನೋಡಿ. ಒಬ್ಬರಿಗೆ ಒಗ್ಗಿದ್ದು ಇನ್ನೊಬ್ಬರಿಗೆ ಒಗ್ಗದು.

ನೀವು ಕೇಳದಿದ್ದರೂ ಇದೊಂದನ್ನು ಹೇಳುತ್ತೇನೆ. ಹಳೇ ಬ್ಲೇಡನ್ನು ಹಂಡೆಯ ಒಲೆಗೆ ಎಸೆಯಬೇಡಿ. ಅದು ಸುಡುವುದಿಲ್ಲ, ಬೂದಿಯ ಜೊತೆ ಗೊಬ್ಬರದ ಗುಂಡಿಗೆ ಹೋಗಿ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ ಸೇರುತ್ತದೆ. ಆ ಗೊಬ್ಬರವನ್ನು ಬುಟ್ಟಿಗೆ ತುಂಬುವವರು ಬರಿಗೈಯಲ್ಲಿ, ತುಳಿಯುವವರು ಬರಿಗಾಲಲ್ಲಿ. ಮುಚ್ಚಳ ಗಟ್ಟಿಯಾದ ಒಂದು ತಗಡಿನ ಡಬ್ಬಿಗೆ ಬ್ಲೇಡ್ ತೂರುವಷ್ಟು ಸೀಳು ಮಾಡಿ ಅದರಲ್ಲಿ ಹಾಕುತ್ತಾ ಬನ್ನಿ. ತುಂಬಿದ ಮೇಲೆ ಸೀಳಿಗೆ ಗಟ್ಟಿಯಾಗಿ ಟೇಪ್ ಸುತ್ತಿ, ಒಳಗೆ ಬ್ಲೇಡ್ ಇದೆ ಎಂದು ಮೇಲೆ ಬರೆದು, ಕಸದ ಗಾಡಿಯವರ ಕೈಗೆ ಹೇಳಿಯೇ ಕೊಡಿ.